ಜೈವಿಕ ಅನಿಲದ ಶುದ್ಧೀಕರಣ: ಬ್ಯಾಕ್ಟೀರಿಯ ಮತ್ತು ಸೂಕ್ಷ್ಮಪಾಚಿಗಳ ಸಹಕಾರ



ಮುಂಬಯಿಯ ಕನ್ನಡಿಗರಿಗೆ ಮಾಟುಂಗ ಎಂದೊಡನೆ ಮೈಸೂರು ಅಸೋಸಿಯೇಷನ್ನಿನ ನೆನಪಾಗುತ್ತದೆ. ಅದೇ ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ 1897ರಷ್ಟು ಹಿಂದೆಯೇ ಮಲತ್ಯಾಜ್ಯದಿಂದ ಉತ್ಪನ್ನವಾದ ಅನಿಲವನ್ನು ದೀಪ ಬೆಳಗಲು ಬಳಸಲಾಗಿತ್ತೆಂಬ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಹಳ್ಳಿಗಳಲ್ಲಿ ಗೋಬರ್ ಗ್ಯಾಸ್ ಎಂದು ಮನೆಮಾತಾದ ಈ ಇಂಧನವು ಈಗ ಅಡುಗೆಯ ಒಲೆಯನ್ನು ದಾಟಿ ವಾಹನಗಳ ಸಿಲಿಂಡರಿಗೂ ಬಂದಿದೆ. ಕೇಂದ್ರ ಸರ್ಕಾರವು 2018ರ ಅಕ್ಟೋಬರಿನಲ್ಲಿ ಆರಂಭಿಸಿದ ‘ಸತತ್’ ಯೋಜನೆಯ ಉದ್ದೇಶವೂ ಇದೇ ಆಗಿದೆ. ಇಂದೋರ್ ನಗರದಲ್ಲಿ ದಿನವೊಂದಕ್ಕೆ 550 ಟನ್ ಹಸಿ ಕಸವನ್ನು ಸಂಸ್ಕರಿಸುವ ಸಾಮರ್ಥ್ಯದ ಸ್ಥಾವರವು 2022ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡಿತು.

ಆದರೆ ಒಲೆಗೆ ಸಾಕಾಗುವ ಅನಿಲ ಎಂಜಿನ್ನಿಗೆ ಒಗ್ಗುವುದಿಲ್ಲ. ತೊಟ್ಟಿಯಿಂದ ಹೊರಬರುವ ಕಚ್ಚಾ ಅನಿಲದಲ್ಲಿ ಉರಿಯುವ ಅಂಶವಾದ ಮೀಥೇನ್ ಸಾಮಾನ್ಯವಾಗಿ ಶೇ. 50ರಿಂದ 70ರಷ್ಟು ಮಾತ್ರ. ಉಳಿದುದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್. ಅದು ಉರಿಯುವುದಿಲ್ಲ, ಸಿಲಿಂಡರಿನಲ್ಲಿ ವ್ಯರ್ಥವಾಗಿ ಜಾಗವನ್ನು ಆಕ್ರಮಿಸುತ್ತದೆ. ಇದರೊಂದಿಗೆ ಅಲ್ಪ ಪ್ರಮಾಣದಲ್ಲಿ ಹೈಡ್ರೋಜನ್ ಸಲ್ಫೈಡ್ ಕೂಡ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲವು ತೇವಾಂಶದೊಡನೆ ಸೇರಿ ಲೋಹವನ್ನು ತಿನ್ನುತ್ತದೆ. ಅದರ ಪ್ರಮಾಣ ಹೆಚ್ಚಾದಾಗ ಮನುಷ್ಯನ ಮೂಗು ಆ ವಾಸನೆಯನ್ನು ಗ್ರಹಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ವಾಸನೆ ನಿಂತಿತೆಂದು ನಂಬಿ ತೊಟ್ಟಿಗೆ ಇಳಿದವನು ಪ್ರಾಣವನ್ನೇ ತೆರಬೇಕಾಗುತ್ತದೆ. ವಾಹನಗಳಲ್ಲಿ ಬಳಸುವ ಜೈವಿಕ ಅನಿಲದಲ್ಲಿ ಮೀಥೇನ್ ಕನಿಷ್ಠ ಶೇ. 90ರಷ್ಟಿರಬೇಕೆಂದು ಭಾರತೀಯ ಮಾನಕವು ವಿಧಿಸಿದೆ.

ಈ ಎರಡೂ ಕಲ್ಮಶಗಳನ್ನು ಹೆಚ್ಚಿನ ಒತ್ತಡದ ನೀರಿನಿಂದ ಅಥವಾ ರಾಸಾಯನಿಕಗಳಿಂದ ತೊಳೆದು ತೆಗೆಯುವ ವಿಧಾನಗಳು ಬಹುಕಾಲದಿಂದ ರೂಢಿಯಲ್ಲಿವೆ. ಅವು ಸಮರ್ಥವಾಗಿದ್ದರೂ ವಿದ್ಯುತ್ತಿನ ಮತ್ತು ರಾಸಾಯನಿಕಗಳ ವೆಚ್ಚವನ್ನು ಬೇಡುತ್ತವೆ. ಇದೇ ಕೆಲಸವನ್ನು ಕಣ್ಣಿಗೆ ಕಾಣದ ಜೀವಿಗಳಿಂದ ಮಾಡಿಸುವುದೇ ಇಲ್ಲಿ ವಿವರಿಸುವ ವಿಧಾನ.

ಸೂಕ್ಷ್ಮಪಾಚಿಗಳು ಸೂರ್ಯನ ಬೆಳಕಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಆಹಾರವಾಗಿ ಸ್ವೀಕರಿಸಿ ಆಮ್ಲಜನಕವನ್ನು ಹೊರಬಿಡುತ್ತವೆ. ಒಂದು ಕಿಲೋಗ್ರಾಂ ಒಣ ಪಾಚಿ ಬೆಳೆಯಲು ಸುಮಾರು 1.8 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಬೇಕಾಗುತ್ತದೆ. ಗಂಧಕವನ್ನು ಉತ್ಕರ್ಷಿಸುವ ಬ್ಯಾಕ್ಟೀರಿಯಗಳ ಬದುಕಿನ ಮರ್ಮವನ್ನು ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ 1887ರಲ್ಲಿಯೇ ಬಯಲುಮಾಡಿದ್ದರು. ಇವು ಹೈಡ್ರೋಜನ್ ಸಲ್ಫೈಡಿನಿಂದಲೇ ಶಕ್ತಿಯನ್ನು ಪಡೆದು ಅದನ್ನು ನಿರಪಾಯಕರವಾದ ಸಲ್ಫೇಟ್ ಆಗಿ ಮಾರ್ಪಡಿಸುತ್ತವೆ. ಈ ಕಾರ್ಯಕ್ಕೆ ಆಮ್ಲಜನಕ ಬೇಕು. ಅದನ್ನು ಪಾಚಿ ಒದಗಿಸುತ್ತದೆ.

ಹಾಗಾದರೆ ಅನಿಲವನ್ನು ನೇರವಾಗಿ ಪಾಚಿಯ ಕೊಳಕ್ಕೆ ಹಾಯಿಸಿದರಾಗದೆ ಎಂಬ ಪ್ರಶ್ನೆ ಏಳುವುದು ಸಹಜ. ಖಂಡಿತ ಆಗದು. ತೆರೆದ ಕೊಳದಲ್ಲಿ ಮೀಥೇನ್ ಗಾಳಿಯ ಪಾಲಾಗುತ್ತದೆ; ಮುಚ್ಚಿದರೆ ಪಾಚಿ ಬಿಟ್ಟ ಆಮ್ಲಜನಕ ಅದರೊಡನೆ ಬೆರೆತು ಸ್ಫೋಟದ ಭೀತಿ ಉಂಟಾಗುತ್ತದೆ. ಆದುದರಿಂದ ಕೊಳವನ್ನೂ ಅನಿಲ ತೊಳೆಯುವ ಸ್ತಂಭವನ್ನೂ ಪ್ರತ್ಯೇಕವಾಗಿಯೇ ಇಡುತ್ತಾರೆ. ಕೊಳ ಕೇವಲ ಒಂದು ಅಡಿಯಷ್ಟು ಆಳ. ಚಕ್ರವೊಂದು ನೀರನ್ನು ಮೆಲ್ಲನೆ ತಿರುಗಿಸುತ್ತಿರುತ್ತದೆ. ಅಲ್ಲಿನ ಕ್ಷಾರೀಯ ನೀರನ್ನು ಸ್ತಂಭಕ್ಕೆ ಹರಿಸಿ, ತಳದಿಂದ ಅನಿಲವನ್ನು ಗುಳ್ಳೆಗಳಾಗಿ ಮೇಲಕ್ಕೆ ಬಿಡಲಾಗುತ್ತದೆ. ಇಂಗಾಲದ ಡೈಆಕ್ಸೈಡ್ ಮೀಥೇನಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸುಲಭವಾಗಿ ನೀರಿನಲ್ಲಿ ಕರಗುವ ಅನಿಲ. ಹೈಡ್ರೋಜನ್ ಸಲ್ಫೈಡ್ ಅದಕ್ಕಿಂತಲೂ ಚೆನ್ನಾಗಿ ಕರಗುತ್ತದೆ. ಮೀಥೇನಿನ ಬಹುಭಾಗ ಕರಗದೆ ಮೇಲೇರುತ್ತದೆ. ಕಲ್ಮಶಗಳನ್ನು ಹೊತ್ತ ನೀರು ಮರಳಿ ಕೊಳವನ್ನು ಸೇರುತ್ತದೆ.

ಇಲ್ಲಿ ನೀರಿನ ಹರಿವಿನ ಪ್ರಮಾಣವೇ ಜಾಣ್ಮೆಯ ವಿಷಯ. ಅದು ಕಡಿಮೆಯಾದರೆ ಕಲ್ಮಶ ಉಳಿಯುತ್ತದೆ. ಹೆಚ್ಚಾದರೆ ನೀರಿನಲ್ಲಿ ಕರಗಿರುವ ಆಮ್ಲಜನಕ ಮತ್ತು ಸಾರಜನಕಗಳೇ ಅನಿಲದೊಳಕ್ಕೆ ನುಸುಳುತ್ತವೆ. ಸ್ಪೇನಿನ ವಲ್ಲದೊಲಿದ್ ವಿಶ್ವವಿದ್ಯಾಲಯದ ಸಂಶೋಧಕರು ಈ ಹದವನ್ನು ಹೊರಾಂಗಣದ ಕೊಳಗಳಲ್ಲಿ ಪರೀಕ್ಷಿಸಿ, ಶೇ. 90ಕ್ಕೂ ಮೀರಿದ ಮೀಥೇನನ್ನು ಪಡೆದಿದ್ದಾರೆ.

ಪಾಚಿಗೆ ಬೇಕಾದ ಸಾರಜನಕ ಮತ್ತು ರಂಜಕಗಳನ್ನು ಸ್ಥಾವರದ ಬಗ್ಗಡವೇ ಒದಗಿಸುತ್ತದೆ. ಆದರೆ ಬಗ್ಗಡದ ಕಪ್ಪು ಬಣ್ಣ ಬೆಳಕನ್ನು ತಡೆಯುತ್ತದೆ, ಅಮೋನಿಯ ಅತಿಯಾದರೆ ಪಾಚಿ ಸಾಯುತ್ತದೆ. ಆದ್ದರಿಂದ ಅದನ್ನು ತೆಳುಗೊಳಿಸಿ ಬಿಡುವುದು ಅವಶ್ಯ. ಬೆಳೆದ ಪಾಚಿಯನ್ನು ಆಗಾಗ ಬೇರ್ಪಡಿಸಿ ಗೊಬ್ಬರವಾಗಿಯೋ, ಮತ್ತೆ ಅನಿಲ ತೊಟ್ಟಿಗೆ ಹಾಕಿಯೋ ಬಳಸಬಹುದು.

ರಾತ್ರಿಯ ವೇಳೆ ಪಾಚಿ ಆಮ್ಲಜನಕವನ್ನು ಬಿಡುವುದಿಲ್ಲ, ಮೋಡ ಕವಿದ ದಿನಗಳಲ್ಲಿ ಕೆಲಸ ಕುಂಠಿತವಾಗುತ್ತದೆ; ಅಂತಹ ವೇಳೆಯಲ್ಲಿ ನೀರಿನ ಕ್ಷಾರಗುಣವೇ ಆಧಾರ. ಕೊಳಕ್ಕೆ ಬೇಕಾಗುವ ವಿಸ್ತಾರವಾದ ಬಯಲು ದೊಡ್ಡ ನಗರಗಳಲ್ಲಿ ಸುಲಭವಾಗಿ ದೊರೆಯದು. ಬಿಸಿಲೂ ಜಾಗವೂ ಉಳ್ಳ ಹಾಲು ಒಕ್ಕೂಟಗಳಿಗೆ, ಸಕ್ಕರೆ ಕಾರ್ಖಾನೆಗಳಿಗೆ ಇದು ಹೆಚ್ಚು ಹೊಂದುತ್ತದೆ. ಎರಡು ಮೂರು ದನಗಳ ಮನೆಯ ಒಲೆಗೆ ಇಷ್ಟೆಲ್ಲ ಏರ್ಪಾಡು ಅನಗತ್ಯ. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ತುಂಬಿದ ಡಬ್ಬಿಯೊಂದರ ಮೂಲಕ ಅನಿಲವನ್ನು ಹಾಯಿಸಿದರೆ ಹೈಡ್ರೋಜನ್ ಸಲ್ಫೈಡ್ ಅಲ್ಲಿಯೇ ಹಿಡಿದುಕೊಳ್ಳುತ್ತದೆ.