ಅವಸರವೂ ಬೇಡ, ಆಲಸ್ಯವೂ ಬೇಡ
(ಮಂಠಾಳದ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)





ನಿಮಗೆ ನಾಲ್ಕು ಹಿತವಚನ ಹೇಳಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ಬರೀ ಹಿತವಚನ ಯಾರ ಕಿವಿಯಲ್ಲೂ ನಿಲ್ಲುವುದಿಲ್ಲ. ಆದ್ದರಿಂದ ನಮ್ಮ ಜಿಲ್ಲೆಯದೇ ಒಂದು ಇತಿಹಾಸ ಹೇಳುತ್ತೇನೆ.

ಬೀದರಿನಲ್ಲಿರುವ ಮಹಮೂದ್ ಗವಾನರ ಮದರಸಾವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಇರಾನಿನ ಗೀಲಾನ್ ಪ್ರಾಂತ್ಯದ ಗವಾನರು 1453ರಲ್ಲಿ ವ್ಯಾಪಾರಿಯಾಗಿ ದಾಭೋಳ ಬಂದರಿಗೆ ಬಂದಿಳಿದಾಗ ಅವರ ವಯಸ್ಸು ನಲವತ್ತು ದಾಟಿತ್ತು. ಪರದೇಶ, ಪರಭಾಷೆ. ಆದರೂ ಬಹಮನಿ ರಾಜ್ಯದ ಪ್ರಧಾನಿಯಾದರು. 1472ರಲ್ಲಿ ಆ ಮದರಸಾ ಕಟ್ಟಿಸಿದರು. ಮೂರು ಅಂತಸ್ತು, ಮಸೀದಿ, ಗ್ರಂಥಾಲಯ, ಗುರುಗಳಿಗೂ ವಿದ್ಯಾರ್ಥಿಗಳಿಗೂ ವಸತಿ. ಅಷ್ಟು ದೊಡ್ಡ ಅಧಿಕಾರದಲ್ಲಿದ್ದವರು ತಮಗಾಗಿ ಉಳಿಸಿಕೊಂಡದ್ದು ಮಾತ್ರ ಅತ್ಯಲ್ಪ. ಇದಕ್ಕೆ ನಿಯ್ಯತ್ ಎನ್ನುತ್ತೇವೆ. ಏಕೆ ಓದುತ್ತೇನೆ, ಯಾರಿಗಾಗಿ ದುಡಿಯುತ್ತೇನೆ ಎಂಬ ಪ್ರಶ್ನೆಗೆ ಉತ್ತರವಿದ್ದವನಿಗೆ ನಲವತ್ತೂ ತಡವಲ್ಲ.

ಈ ಇತಿಹಾಸಕ್ಕೆ ಇನ್ನೊಂದು ಮುಖವಿದೆ. ವೈರಿಗಳು ಗವಾನರ ಮುದ್ರೆಯನ್ನು ಒಂದು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಅದರಲ್ಲಿ ರಾಜದ್ರೋಹದ ಪತ್ರ ಬರೆದರು. ಸುಲ್ತಾನ ಮೂರನೆಯ ಮುಹಮ್ಮದ್ ಷಾ ಅಮಲಿನಲ್ಲಿದ್ದ, ವಿಚಾರಿಸಲಿಲ್ಲ. 1481ರಲ್ಲಿ ಆ ವೃದ್ಧ ಪ್ರಧಾನಿಯ ತಲೆ ಉರುಳಿತು. ಸತ್ಯ ತಿಳಿದು ಸುಲ್ತಾನ ಪಶ್ಚಾತ್ತಾಪಪಟ್ಟ; ಮರುವರ್ಷವೇ ತೀರಿಕೊಂಡ. ರಾಜ್ಯ ಐದು ಹೋಳಾಯಿತು. ಒಂದು ಗಳಿಗೆ ತಾಳಿದ್ದರೆ ಸಾಕಿತ್ತು.

ಸುದ್ದಿ ಬಂದರೆ ಮೊದಲು ಪರಿಶೀಲಿಸಿ ಎಂದು ಕುರ್‌ಆನ್ ನಮಗೆ ಕಲಿಸುತ್ತದೆ. ಅದೇ ಹಿಕ್ಮತ್. ಇಂದು ಆ ಖಾಲಿ ಕಾಗದ ನಿಮ್ಮ ಜೇಬಿನ ಮೊಬೈಲಿನಲ್ಲಿದೆ. ಯಾರೋ ಬರೆದದ್ದನ್ನು ಓದದೆ ಮುಂದಕ್ಕೆ ಕಳಿಸಿದರೆ ಅದರ ಮೇಲೆ ಬೀಳುವುದು ನಿಮ್ಮ ಮುದ್ರೆ.

ಇನ್ನು ಸಬ್ರ್. ಸಬ್ರ್ ಎಂದರೆ ಕೈಕಟ್ಟಿ ಕೂರುವುದಲ್ಲ. ನಮ್ಮ ತೊಗರಿ ಬೆಳೆಯುವ ರೈತನನ್ನು ನೋಡಿ. ಬಿತ್ತಿದ ಮೇಲೆ ತಿಂಗಳುಗಟ್ಟಲೆ ಕಾಯುತ್ತಾನೆ, ಆದರೆ ಕಳೆ ಕೀಳುವುದನ್ನು ಬಿಡುವುದಿಲ್ಲ. ಹಾಫಿಜ್ ಆಗುವ ಹುಡುಗನನ್ನು ನೋಡಿ. ದಿನಕ್ಕಿಷ್ಟು ಸಾಲು ಎಂದು ಮೂವತ್ತು ಜುಝ್ ಎದೆಗಿಳಿಸುತ್ತಾನೆ.

ನಮ್ಮಲ್ಲಿ ಏನಾಗುತ್ತಿದೆ? ಎಸ್ಸೆಸ್ಸೆಲ್ಸಿಯಲ್ಲಿ ಒಂದು ವಿಷಯ ಹೋದರೆ ಸಾಕು, ಹುಡುಗ ಹೈದರಾಬಾದ್, ಪುಣೆಯ ಬಸ್ಸು ಹತ್ತುತ್ತಾನೆ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದೆಂದು ಮನೆಯಲ್ಲಿ ಯಾರೂ ಹೇಳುವುದಿಲ್ಲ. ಹುಡುಗಿ ಚೆನ್ನಾಗಿ ಓದುತ್ತಿದ್ದರೂ ಹತ್ತನೆಯದಕ್ಕೇ ಪುಸ್ತಕ ಮುಚ್ಚಿಸುತ್ತೇವೆ. ಪಾಲಕರೇ, ಇದೂ ಅವಸರವೇ. ವಿದ್ಯೆ ಗಂಡಿಗೂ ಹೆಣ್ಣಿಗೂ ಕರ್ತವ್ಯ.

ದಾರಿಗಳು ಇಲ್ಲವೆನ್ನಬೇಡಿ. ಸಂವಿಧಾನದ 371(ಜೆ) ವಿಧಿಯಿಂದಾಗಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70 ಸೀಟು ಸ್ಥಳೀಯರಿಗಿವೆ; ರಾಜ್ಯದ ಉಳಿದೆಡೆ ಶೇ. 8. ಅರ್ಹತಾ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಬೀದರಿನ ಶಾಹೀನ್ ಸಂಸ್ಥೆ 1989ರಲ್ಲಿ ಆರಂಭವಾದದ್ದು ಕೆಲವೇ ಮಕ್ಕಳಿಂದ. ಶಾಲೆಯ ಮುಖ ಕಾಣದ ಹಾಫಿಜ್‌ಗಳು ಅಲ್ಲಿ ಓದಿ ವೈದ್ಯಕೀಯ ಕಾಲೇಜು ಸೇರಿದ್ದಾರೆ. ಕಾಯಕಕ್ಕೆ ಬೆಲೆ ಕಟ್ಟಿದ ಬಸವಣ್ಣನವರ ಕಲ್ಯಾಣ ನಮ್ಮ ಪಕ್ಕದಲ್ಲೇ ಇದೆ. ಈ ಮಣ್ಣಿನಲ್ಲಿ ದುಡಿಮೆಗೆ ಎಂದೂ ಅವಮಾನವಿಲ್ಲ.

1696ರ ಮದ್ದಿನ ಸ್ಫೋಟದಲ್ಲಿ ಗವಾನರ ಮದರಸಾದ ಒಂದು ಭಾಗ ಕುಸಿಯಿತು. ಒಂದು ಮಿನಾರು ಇನ್ನೂ ನಿಂತಿದೆ. ಕೊಲ್ಲಿಸಿದವರ ಹೆಸರು ಹುಡುಕಬೇಕು. ಕಟ್ಟಿಸಿದವರ ಹೆಸರು ಮಕ್ಕಳಿಗೂ ಗೊತ್ತು.

ಅಲ್ಲಾಹನು ನಮ್ಮ ಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ ಅದನ್ನು ಹೊರುವ ಸಹನೆಯನ್ನೂ ಕರುಣಿಸಲಿ. ಆಮೀನ್.