ಬುದ್ಧಿಹಲ್ಲು ಕುಡಿದ ನೀರು

ಮನುಷ್ಯನಿಗೆ 32 ಹಲ್ಲು ಎಂದು ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಓದಿದ್ದೇವೆ. ನೀವು ಈಗ ಕುಳಿತಲ್ಲಿಯೇ ನಾಲಗೆಯನ್ನು ಒಂದು ಸುತ್ತು ಆಡಿಸಿ ಎಣಿಸಿ ನೋಡಿರಿ. ಲೆಕ್ಕ 28ಕ್ಕೆ ನಿಂತುಹೋದರೆ ಗಾಬರಿ ಬೇಡ. ದವಡೆಯ ನಾಲ್ಕು ಮೂಲೆಗಳಲ್ಲಿ ಕಡೆಗೆ ಬರುವ ನಾಲ್ಕು ಹಲ್ಲುಗಳು ಕೆಲವರಿಗೆ ಹುಟ್ಟುವುದೇ ಇಲ್ಲ. ಹುಟ್ಟಿದವರಲ್ಲಿಯೂ ಅನೇಕರಿಗೆ ನೆಟ್ಟಗೆ ಹುಟ್ಟುವುದಿಲ್ಲ. 17ರಿಂದ 25ರ ನಡುವೆ, ಎಂದರೆ ಮನುಷ್ಯನಿಗೆ ಬುದ್ಧಿ ಬಂದಿತೆಂದು ಲೋಕವು ನಂಬುವ ವಯಸ್ಸಿನಲ್ಲಿ ತಲೆ ಎತ್ತುವುದರಿಂದ ಇವಕ್ಕೆ ಬುದ್ಧಿಹಲ್ಲು ಎಂದು ಹೆಸರು. ಸುರಪುರ, ಶಹಾಪುರ, ಯಾದಗಿರಿಗಳ ನಮ್ಮ ಸಗರನಾಡಿನಲ್ಲಿ ಉರ್ದುವಿನ ಬಳಕೆ ಹೆಚ್ಚಾದ್ದರಿಂದ ‘ಅಕಲ್ ದಾಢ್’ ಎಂಬ ಮಾತೂ ಕಿವಿಗೆ ಬೀಳುತ್ತದೆ. ತುರ್ಕರು ಎಚ್ಚರದ ಜನ. ‘ಇಪ್ಪತ್ತರ ಹಲ್ಲು’ ಎಂದು ವಯಸ್ಸನ್ನಷ್ಟೇ ಹೇಳಿ ಸುಮ್ಮನಾಗಿದ್ದಾರೆ. ಜಪಾನೀಯರ ಮಾತಿನಲ್ಲಿ ಇದು ‘ತಂದೆತಾಯಿ ಅರಿಯದ್ದು’. ಕೊರಿಯಾದವರ ಮಾತಿನಲ್ಲಿ ‘ಪ್ರೇಮದ ಹಲ್ಲು’. ನೋವಿನ ಸ್ವರೂಪವನ್ನು ನೆನೆದರೆ ಕೊರಿಯಾದವರ ಮಾತಿನಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ.

ನನಗೆ ಈ ಹಲ್ಲು ಬಂದದ್ದು 1974ರಲ್ಲಿ, ಹೈದರಾಬಾದಿನಲ್ಲಿ. ನಾನು ಹುಟ್ಟಿದ್ದು ಸುರಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. 1956ರ ನವೆಂಬರಿನಲ್ಲಿ ನಮ್ಮ ಸೀಮೆ ಹೈದರಾಬಾದು ಸಂಸ್ಥಾನದಿಂದ ಬೇರೆಯಾಗಿ ಮೈಸೂರು ರಾಜ್ಯಕ್ಕೆ ಸೇರಿತು, ನಿಜ. ಆದರೆ ಓದು, ನೌಕರಿ, ಔಷಧ ಎಂದರೆ ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ, ವಾಡಿಯಲ್ಲಿ ಇಳಿದು, ಇನ್ನೊಂದು ರೈಲು ಹಿಡಿದು ಹೈದರಾಬಾದಿಗೆ ಹೋಗುವ ರೂಢಿ ಬಹುಕಾಲ ತಪ್ಪಲಿಲ್ಲ. ನನ್ನ ಸೋದರಮಾವ ಅಲ್ಲಿ ನೌಕರಿಯಲ್ಲಿದ್ದರು. 1960ರಲ್ಲಿ, ನನಗೆ ಎಂಟು ತುಂಬಿದಾಗ, ಓದಿಗೆಂದು ನನ್ನನ್ನು ಕರೆದೊಯ್ದರು. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಅವಳು ಊರಲ್ಲಿಯೇ ಉಳಿದಳು. ಹೆಣ್ಣುಮಗಳನ್ನು ಓದಿಗೆಂದು ರೈಲು ಹತ್ತಿಸುವ ಕಾಲ ಅದಲ್ಲ. ಈ ಸಂಗತಿಯನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಿರಿ. ಹಲ್ಲಿಗೂ ಇದಕ್ಕೂ ಸಂಬಂಧವುಂಟು.

ಬುದ್ಧಿಹಲ್ಲಿನ ನೋವು ಏಕಾಏಕಿ ಮೇಲೆ ಬೀಳುವುದಿಲ್ಲ. ಮೊದಲ ದಿನ ದವಡೆಯ ಹಿಂದೆ ಏನೋ ಸಿಕ್ಕಿಕೊಂಡಂತೆ ಅನಿಸಿತು. ಮೂರನೆಯ ದಿನ ರೊಟ್ಟಿ ಬೇಡವಾಯಿತು. ಐದನೆಯ ದಿನ ಬಾಯಿಯೊಳಗೆ ಎರಡು ಬೆರಳು ಹೋಗದಾಯಿತು. ನಡೆದದ್ದು ಇಷ್ಟೇ: ಹಲ್ಲು ಅರ್ಧ ಹೊರಬಂದು ಜಾಗ ಸಾಲದೆ ನಿಲ್ಲುತ್ತದೆ, ಮೇಲೆ ಒಸಡಿನ ಒಂದು ಚೂರು ಟೋಪಿಯಂತೆ ಕೂತಿರುತ್ತದೆ, ಅದರಡಿ ಅನ್ನದ ಅಗುಳು ಸೇರಿ ಕೊಳೆತು ಕೀವಾಗುತ್ತದೆ. ಒರಟು ಆಹಾರವನ್ನು ಅಗಿಯುತ್ತಿದ್ದ ಪೂರ್ವಿಕರಿಗೆ ದವಡೆ ಉದ್ದವಿತ್ತು, ಮೆತ್ತಗೆ ಬೇಯಿಸಿ ತಿನ್ನುವ ನಮಗೆ ಗಿಡ್ಡವಾಯಿತು ಎಂದು ಪಂಡಿತರು ಹೇಳುತ್ತಾರೆ. ಕಟಕ ರೊಟ್ಟಿ, ಶೇಂಗಾಹಿಂಡಿ, ಸೀತನಿ, ಕಬ್ಬು ಇವುಗಳ ಮೇಲೆ ಹಲ್ಲು ಮಸೆದುಕೊಂಡು ಬೆಳೆದವನಿಗೂ ಜಾಗ ಸಾಲಲಿಲ್ಲ ಎಂಬುದನ್ನು ಆ ಪಂಡಿತರ ಗಮನಕ್ಕೆ ತರಬಯಸುತ್ತೇನೆ.

ಅತ್ತೆ ಲವಂಗವನ್ನು ಜಜ್ಜಿ ಒತ್ತಿದರು. ಲವಂಗದ ಎಣ್ಣೆಯಲ್ಲಿ ನರವನ್ನು ಸ್ವಲ್ಪ ಹೊತ್ತು ಮಂಪರುಗೊಳಿಸುವ ಗುಣ ಉಂಟು. ದಂತವೈದ್ಯರೂ ಅದನ್ನು ಬಳಸುತ್ತಾರೆ. ಉಗುರುಬೆಚ್ಚಗಿನ ಉಪ್ಪುನೀರು ಮುಕ್ಕಳಿಸಿದ್ದೂ ಒಳ್ಳೆಯದೇ ಆಯಿತು. ನೆರೆಮನೆಯವರು ತಂಬಾಕು ಒತ್ತಲು ಹೇಳಿದರು, ಮಾವ ಬೇಡವೆಂದರು. ಆರನೆಯ ದಿನ ಹಲ್ಲಿನ ಡಾಕ್ಟರ ಬಳಿ ಹೋದೆವು.

ಹಲ್ಲಿನ ಡಾಕ್ಟರ ಕುರ್ಚಿಯನ್ನು ಕಂಡರೆ ಧೈರ್ಯವಂತರೂ ಒಮ್ಮೆ ಬಾಗಿಲ ಕಡೆ ನೋಡುತ್ತಾರೆ. ಡಾಕ್ಟರು ವಯಸ್ಸಾದವರು, ಸಮಾಧಾನದವರು, ಉರ್ದು ಮಾತಿನವರು. ಎಕ್ಸ್‌ರೇ ತೆಗೆಸಿ, ಬೆಳಕಿಗೆ ಹಿಡಿದು ತೋರಿಸಿದರು. ಹಲ್ಲು ನಿಂತಿರಲಿಲ್ಲ, ಮುಂದಿನ ಹಲ್ಲಿನ ಕಡೆ ತಲೆ ಮಾಡಿ ಪೂರ್ತಿ ಮಲಗಿತ್ತು. ಶಹಾಪುರದ ಬೆಟ್ಟವನ್ನು ನೀವು ದೂರದಿಂದ ನೋಡಿದ್ದರೆ ಬುದ್ಧ ಮಲಗಿದ ಹಾಗೆ ಕಾಣುವುದು ನಿಮಗೆ ಗೊತ್ತು. ಥೇಟ್ ಹಾಗೆಯೇ. ಬುದ್ಧಿಹಲ್ಲು ಎಂಬ ಹೆಸರು ಆಗ ಸಾರ್ಥಕವಾಗಿ ಕಂಡಿತು. ಬುದ್ಧಿಹಲ್ಲು ಮಲಗುವ ಬಗೆಗಳನ್ನು ಜಾರ್ಜ್ ವಿಂಟರ್ ಎಂಬ ಅಮೆರಿಕದ ವೈದ್ಯ 1926ರಲ್ಲಿಯೇ ಒಂದು ಪುಸ್ತಕ ಬರೆದು ವಿಂಗಡಿಸಿದ್ದಾನಂತೆ. ಮುಂದೆ ವಾಲಿದ್ದು, ಹಿಂದೆ ವಾಲಿದ್ದು, ಅಡ್ಡ ಮಲಗಿದ್ದು, ಹೀಗೆ. ನನ್ನದು ಅಡ್ಡ ಮಲಗಿದ ಪಂಗಡ.

ಸೂಜಿಮದ್ದು ಚುಚ್ಚಿದ ಮೇಲೆ ಅರ್ಧ ತುಟಿ, ಅರ್ಧ ಗದ್ದ ನನ್ನವಲ್ಲ ಎನ್ನಿಸಿತು. ಸ್ವೀಡನ್ನಿನ ನಿಲ್ಸ್ ಲೋಫ್ಗ್ರೆನ್ 1943ರಲ್ಲಿ ತಯಾರಿಸಿದ ಲಿಗ್ನೋಕೇನ್ ಎಂಬ ಮದ್ದಿನ ಉಪಕಾರ ಅದು. ಮಾವನವರಿಗೆ ಚರಿತ್ರೆಯ ಹುಚ್ಚು. ಇದೇ ಹೈದರಾಬಾದಿನಲ್ಲಿ 1888ರಲ್ಲಿ, ಮತ್ತೆ 1889ರಲ್ಲಿ, ಡಾಕ್ಟರ್ ಎಡ್ವರ್ಡ್ ಲಾರಿ ನಿಜಾಮರ ಬೆಂಬಲದಿಂದ ಕ್ಲೋರೋಫಾರ್ಮ್ ಆಯೋಗಗಳನ್ನು ನಡೆಸಿದ್ದನ್ನು ಅವರು ಹೇಳತೊಡಗಿದರು. ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಸಾಯುವುದು ಉಸಿರು ನಿಂತೋ, ಹೃದಯ ನಿಂತೋ ಎಂಬುದು ಪ್ರಶ್ನೆ. ನಾಯಿ ಕೋತಿಗಳ ಮೇಲೆ ನೂರಾರು ಪ್ರಯೋಗ ಮಾಡಿ, ಉಸಿರನ್ನು ನೋಡಿಕೊಂಡರೆ ಹೃದಯಕ್ಕೆ ಭಯವಿಲ್ಲ ಎಂದು ತೀರ್ಮಾನಿಸಿದರು. ಮುಂದೆ 1911ರಲ್ಲಿ ಲೆವಿ ಎಂಬವರು ಹೃದಯವೇ ತಟ್ಟನೆ ಕೆಡಬಲ್ಲದೆಂದು ತೋರಿಸಿದರು. ಬಾಯಿ ತೆರೆದುಕೊಂಡು ಕುಳಿತವನ ಮುಂದೆ ಹೇಳುವ ಕಥೆಯಲ್ಲ. ಆದರೆ ನಾನು ಬೇಡವೆನ್ನುವ ಸ್ಥಿತಿಯಲ್ಲಿರಲಿಲ್ಲ.

ಒಸಡನ್ನು ಕೊಯ್ದು, ಎಲುಬನ್ನು ತುಸು ಕೊರೆದು ಹಲ್ಲನ್ನು ಸಡಿಲಿಸಿದರು. ನೋವಾಗಲಿಲ್ಲ, ಸದ್ದು ಮಾತ್ರ ತಲೆಬುರುಡೆಯೊಳಗೆ ಬಡಿಗನ ಅಂಗಡಿ ತೆರೆದಂತೆ ಕೇಳಿಸಿತು. ಮೂರು ಹೊಲಿಗೆ. ಹತ್ತಿಯುಂಡೆಯನ್ನು ಕಚ್ಚಿಕೊಂಡಿರಬೇಕು, ಉಗುಳಬಾರದು, ಬೀಡಿ ತಂಬಾಕು ಮುಟ್ಟಬಾರದು ಎಂದರು. ಹಲ್ಲು ಕಿತ್ತ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ನಿಂತರೆ ಗಾಯ ಮಾಯುತ್ತದೆ. ಆ ಹೆಪ್ಪು ಕಿತ್ತುಹೋದರೆ ಬರುವ ನೋವಿನ ಮುಂದೆ ಮೊದಲಿನದು ಏನೂ ಅಲ್ಲವಂತೆ.

ಆಮೇಲೆ ಡಾಕ್ಟರು ಹಲ್ಲನ್ನು ತೊಳೆದು ಬಿಳಿಯ ತಟ್ಟೆಯಲ್ಲಿಟ್ಟರು. ನನ್ನ ಮುಂದಿನ ಹಲ್ಲುಗಳನ್ನು ಒಮ್ಮೆ ನೋಡಿ, ತಟ್ಟೆಯನ್ನು ಒಮ್ಮೆ ನೋಡಿ, “ನಿಮ್ಮದು ನಲ್ಗೊಂಡದ ಕಡೆಯೋ?” ಎಂದರು. ಅಲ್ಲ, ಸುರಪುರದ ಕಡೆ ಎಂದು ಮಾವ ಹೇಳಿದರು. “ಹೈದರಾಬಾದಿಗೆ ಯಾವ ವಯಸ್ಸಿನಲ್ಲಿ ಬಂದ?” ಎಂಟರಲ್ಲಿ. ಡಾಕ್ಟರು ನಕ್ಕರು. “ಹಾಗಾದರೆ ಈ ಹಲ್ಲೊಂದು ನಮ್ಮೂರಿನದು.”

ಅವರ ಮಾತಿನ ಅರ್ಥವಿದು. ನನ್ನ ಮುಂದಿನ ಹಲ್ಲುಗಳ ಮೇಲೆ ಕಂದು ಬಣ್ಣದ ಗೆರೆಗಳಿವೆ. ನಮ್ಮ ಹಳ್ಳಿಯಲ್ಲಿ ಬಹಳ ಮಂದಿಗೆ ಇವೆ. ನೀರಿನಲ್ಲಿರುವ ಫ್ಲೋರೈಡು ಇದಕ್ಕೆ ಕಾರಣ. ನಮ್ಮ ಸೀಮೆಯ ನೆಲದಡಿಯ ಗ್ರಾನೈಟ್ ಬಂಡೆಯ ಬಿರುಕುಗಳಲ್ಲಿ ನಿಂತ ನೀರು ಅದನ್ನು ಕರಗಿಸಿಕೊಂಡು ಬಾವಿಗೆ ಬರುತ್ತದೆ. ಹಲ್ಲು ಒಸಡಿನೊಳಗೆ ಕಟ್ಟಿಕೊಳ್ಳುತ್ತಿರುವಾಗ ಮಾತ್ರ ಈ ಬಣ್ಣ ಹಿಡಿಯುತ್ತದೆ. ಒಮ್ಮೆ ಕಟ್ಟಿ ಮುಗಿದ ಮೇಲೆ ಯಾವ ನೀರು ಕುಡಿದರೂ ಹಿಡಿಯದು, ಹಿಡಿದದ್ದು ಎಷ್ಟು ತಿಕ್ಕಿದರೂ ಬಿಡದು. ಮುಂದಿನ ಹಲ್ಲುಗಳ ಹೊಳಪಿನ ಹೊದಿಕೆ ಸುಮಾರು ಐದನೆಯ ವರ್ಷದೊಳಗೆ ಸಿದ್ಧವಾಗಿಬಿಡುತ್ತದೆ. ಬುದ್ಧಿಹಲ್ಲಿನದು ಸುಮಾರು ಎಂಟು ಹತ್ತರಲ್ಲಿ ಮೊದಲಾಗಿ ಹದಿನಾರರ ಹೊತ್ತಿಗೆ ಮುಗಿಯುತ್ತದೆ. ಆ ವರ್ಷಗಳಲ್ಲಿ ನೀವು ಎಲ್ಲಿಯ ನೀರು ಕುಡಿದಿರೋ ಅದರ ಗುರುತು ಆ ಹಲ್ಲಿನಲ್ಲಿ ಉಳಿಯುತ್ತದೆ. ಪ್ರಾಚೀನರ ಸಮಾಧಿಗಳನ್ನು ಅಗೆಯುವ ವಿದ್ವಾಂಸರು ಬುದ್ಧಿಹಲ್ಲನ್ನು ಪರೀಕ್ಷಿಸಿ, ಈತ ಹುಟ್ಟಿದ್ದು ಒಂದು ಸೀಮೆ, ಹುಡುಗನಾಗಿ ಬೆಳೆದದ್ದು ಇನ್ನೊಂದು ಸೀಮೆ ಎಂದು ಹೇಳುವುದೂ ಇದರಿಂದಲೇ.

ನನ್ನ ಬುದ್ಧಿಹಲ್ಲು ಕುಡಿದದ್ದು ಗಂಡಿಪೇಟೆಯ ನೀರು. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಕೊಚ್ಚಿಹೋದ ಮೇಲೆ ನಿಜಾಮರ ಸರ್ಕಾರ ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಹೇಳಿದಂತೆ ಮೇಲುಭಾಗದಲ್ಲಿ ಎರಡು ಕೆರೆ ಕಟ್ಟಿದರು. 1920ರ ಉಸ್ಮಾನ್ ಸಾಗರವೇ ಗಂಡಿಪೇಟೆ; ಇನ್ನೊಂದು 1927ರ ಹಿಮಾಯತ್ ಸಾಗರ. ಮಳೆಯ ನೀರು, ಹೊಳೆಯ ನೀರು. ಬಂಡೆಯ ಸಹವಾಸ ಅದಕ್ಕೆ ಕಡಿಮೆ. ನನ್ನ ಬಾಯಲ್ಲಿದ್ದ ಒಂದೇ ಬಿಳಿಯ ಹಲ್ಲಿನಲ್ಲಿ ವಿಶ್ವೇಶ್ವರಯ್ಯನವರ ಕೈವಾಡವಿತ್ತೆಂದು ತಿಳಿದು ನನಗೆ ಹೆಮ್ಮೆಯಾಯಿತು. ಕಿತ್ತು ತಟ್ಟೆಗೆ ಹಾಕಿದ ಮೇಲೆ ಹೆಮ್ಮೆಪಟ್ಟು ಏನು ಪ್ರಯೋಜನ, ಅದು ಬೇರೆ ಮಾತು. ಹಲ್ಲನ್ನು ಒಂದು ಸುಣ್ಣದ ಡಬ್ಬಿಯಲ್ಲಿ ಹಾಕಿ ಇಟ್ಟುಕೊಂಡೆ.

ಏಳು ವರ್ಷದ ಮೇಲೆ, 1981ರಲ್ಲಿ, ಅಕ್ಕನಿಗೆ ಅದೇ ಹಲ್ಲು ಕಾಡಿತು. ಅವಳ ಮನೆಯವರು ಮೊದಲು ಹುಳ ತೆಗೆಯುವವನನ್ನು ಕರೆಸಿದರು. ಹಾಳಾದ ಹಲ್ಲಿಗೆ ನಾವು ಹುಳುಕು ಹಲ್ಲು ಎನ್ನುತ್ತೇವೆ. ನಮ್ಮ ಮಾತಿನಲ್ಲಿಯೇ ಹುಳ ಕುಳಿತಿರುವಾಗ ಜನರನ್ನು ಅನ್ನುವುದು ಹೇಗೆ? ಅವನು ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಕೊಳವೆಯಿಂದ ಬಾಯಿಗೆ ಹೊಗೆ ಬಿಟ್ಟು, ನೀರಿನ ಬಟ್ಟಲಲ್ಲಿ ಬಿಳಿಯ ಎಳೆಗಳನ್ನು ತೋರಿಸಿ, ಕಾಸು ಪಡೆದು ಹೋದ. ಇಂಗ್ಲೆಂಡಿನಲ್ಲಿ ಇದೇ ಆಟವನ್ನು ಬೇರೊಂದು ಗಿಡದ ಬೀಜದಿಂದ ಆಡುತ್ತಿದ್ದರೆಂದೂ, ಹುಳವೆಂದು ತೋರಿಸುತ್ತಿದ್ದುದು ವಾದ್ಯದ ತಂತಿಯ ಚೂರೆಂದೂ ಜಾನ್ ಜೆರಾರ್ಡ್ 1597ರಲ್ಲಿಯೇ ಬರೆದಿಟ್ಟಿದ್ದಾನೆ. ಫ್ರಾನ್ಸಿನ ದಂತವೈದ್ಯ ಫೋಶಾರ್ ಹಲ್ಲಿನಲ್ಲಿ ಹುಳವನ್ನು ಹುಡುಕಿ ಕಾಣದೆ, ಇಲ್ಲವೆಂದು 1728ರಲ್ಲಿ ಹೇಳಿದ. ಆ ಸುದ್ದಿ ನಮ್ಮ ಹಳ್ಳಿಗೆ ಬಂದಿರಲಿಲ್ಲ.

ಬಾವು ಗದ್ದದ ಕೆಳಗೆ ಇಳಿಯಿತು. ಬಸ್ಸಿನಲ್ಲಿ ಶಹಾಪುರ, ಭೀಮೆಯನ್ನು ದಾಟಿ ಯಾದಗಿರಿ, ವಾಡಿ, ಹೈದರಾಬಾದು. ನಿಲ್ದಾಣದಲ್ಲಿ ಇಳಿದಾಗ ಅವಳಿಗೆ ಉಗುಳು ನುಂಗಲು ಬರುತ್ತಿರಲಿಲ್ಲ. ಹಲ್ಲಿನ ಕೀವು ಕುತ್ತಿಗೆಗೆ ಇಳಿದು ನಾಲಗೆಯನ್ನು ಮೇಲೆತ್ತಿ ಉಸಿರನ್ನೇ ಕಟ್ಟಿಬಿಡಬಹುದು. ಜರ್ಮನಿಯ ಲುಡ್ವಿಗ್ ಎಂಬ ವೈದ್ಯ 1836ರಲ್ಲಿ ವಿವರಿಸಿದ ರೋಗ ಅದು. ಬಾಯಿ ತೆರೆಯದಷ್ಟು ಬಿಗಿತ, ನುಂಗಲಾರದ ಸ್ಥಿತಿ, ಗದ್ದದಡಿಯ ಗಟ್ಟಿ ಬಾವು, ಜ್ವರ ಇವು ಕಂಡರೆ ನಾಳೆ ನೋಡೋಣ ಎನ್ನಬೇಡಿರಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿರಿ. ಅಕ್ಕನಿಗೆ ಕೀವು ತೆಗೆದು, ಪೆನಿಸಿಲಿನ್ ಕೊಟ್ಟು, ಬಾವು ಇಳಿದ ಮೇಲೆ ಹಲ್ಲು ಕಿತ್ತರು.

ಆ ಹಲ್ಲನ್ನು ನಾನು ಕೇಳಿ ಪಡೆದೆ. ಮನೆಗೆ ಬಂದು ಡಬ್ಬಿಯಿಂದ ನನ್ನದನ್ನು ತೆಗೆದು ಅದರ ಪಕ್ಕಕ್ಕೆ ಇಟ್ಟೆ. ನನ್ನದು ಬೆಳ್ಳಗೆ, ನುಣ್ಣಗೆ. ಅವಳದು ಕಂದು, ಮೇಲೆಲ್ಲ ಸಣ್ಣ ಸಣ್ಣ ಗುಂಡಿ. ಒಂದೇ ತಾಯಿಯ ಹಾಲು, ಎಂಟು ವರ್ಷ ಒಂದೇ ಬಾವಿಯ ನೀರು. ಆಮೇಲೆ ನಾನು ರೈಲು ಹತ್ತಿದೆ, ಅವಳು ಕೊಡ ಹೊತ್ತಳು.

ಅಕ್ಕ ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಹೆಣ್ಣು ನೋಡಲು ಬಂದವರ ಮುಂದೆ “ನಗಬ್ಯಾಡವ್ವಾ” ಎಂದು ಅವ್ವ ಹೇಳಿಕೊಟ್ಟ ಪಾಠ ಅದು. ಎರಡು ಕಡೆಯವರು ನೋಡಿಹೋಗಿ, ಹುಡುಗಿಗೆ ಹಲ್ಲು ತಿಕ್ಕುವ ರೂಢಿಯಿಲ್ಲ ಎಂದು ಹೇಳಿಕಳಿಸಿದ್ದರು. ಅಂದಿನಿಂದ ಅವಳು ಬೂದಿ, ಇದ್ದಿಲು, ಕಡೆಗೆ ಇಟ್ಟಿಗೆಯ ಪುಡಿಯಿಂದಲೂ ತಿಕ್ಕಿದ್ದಳು. ಒಸಡು ಹರಿದು ರಕ್ತ ಬಂದರೂ ಬಿಟ್ಟಿರಲಿಲ್ಲ. ಎರಡು ಹಲ್ಲುಗಳನ್ನೂ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ನಾನು ನೀರಿನ ಸಂಗತಿ ಹೇಳಿದೆ.

“ಹಾಂಗಾದ್ರ ನಾ ತಿಕ್ಕಲಾರದಕ್ಕ ಆಗಿದ್ದಲ್ಲೇನೋ ತಮ್ಮಾ?” ಎಂದಳು.

ಅಲ್ಲ ಎಂದೆ. ಅವಳು ಮತ್ತೆ ಕೇಳಿದಳು. ಮತ್ತೆ ಅಲ್ಲ ಎಂದೆ.

ಈ ಗುಟ್ಟು ಹೊರಬಿದ್ದದ್ದೂ ಬಹಳ ಹಿಂದೆಯಲ್ಲ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಊರಿನ ಜನರ ಕಂದು ಹಲ್ಲಿನ ಬೆನ್ನು ಹತ್ತಿದ ಮೆಕೆ ಎಂಬ ದಂತವೈದ್ಯ 1901ರಿಂದ ಮೂವತ್ತು ವರ್ಷ ಅಲೆದ. 1931ರಲ್ಲಿ ಚರ್ಚಿಲ್ ಎಂಬ ರಸಾಯನಜ್ಞ ನೀರಿನಲ್ಲಿ ಫ್ಲೋರೈಡನ್ನು ಕಂಡುಹಿಡಿದ. ನಮ್ಮ ದೇಶದಲ್ಲಿ ನೆಲ್ಲೂರಿನ ಕಡೆ ಇದರ ತೊಂದರೆಯನ್ನು ವೈದ್ಯರು 1937ರಲ್ಲಿ ವರದಿ ಮಾಡಿದರು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರು ಇಲ್ಲದಿದ್ದರೆ ಒಂದೂವರೆಯವರೆಗೆ ಎಂಬುದು ಭಾರತದ ಮಾನದಂಡ. ಸಾವಿರ ಲೀಟರಿಗೆ ಒಂದೂವರೆ ಗ್ರಾಂ. ಅಷ್ಟರಲ್ಲಿಯೇ ಹಲ್ಲಿನ ಹಣೆಬರಹ ಇದೆ. ಅದಕ್ಕಿಂತ ಬಹಳ ಹೆಚ್ಚಾಗಿ, ಬಹಳ ಕಾಲ ಕುಡಿದರೆ ಎಲುಬಿಗೂ ಕೀಲಿಗೂ ಬರುತ್ತದೆ. ನೀರನ್ನು ಕಾಯಿಸಿದರೆ ಇದು ಹೋಗುವುದಿಲ್ಲ. ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ನಮ್ಮ ಯಾದಗಿರಿ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಈ ಅಳತೆ ಮೀರಿದೆ. ಕೃಷ್ಣೆ ಭೀಮೆಯರು ಜಿಲ್ಲೆಯ ಮೈಸೋಕಿಕೊಂಡೇ ಹರಿಯುತ್ತಾರೆ. ಹೊಲಕ್ಕೆ ಕಾಲುವೆ ಬಂದಷ್ಟು ಬೇಗ ಕೊಡಕ್ಕೆ ನಲ್ಲಿ ಬರಲಿಲ್ಲ ಎಂಬುದು ನನ್ನ ತಕರಾರು.

ಅಕ್ಕನ ಹಳ್ಳಿಗೆ ಹೊಳೆಯ ನೀರು ನಲ್ಲಿಯಲ್ಲಿ ಬಂದದ್ದು 2014ರಲ್ಲಿ. ಅವಳ ಮೊಮ್ಮಗಳಿಗೆ ಆಗ ಎಂಟು ವರ್ಷ. ಮುಂದಿನ ಹಲ್ಲುಗಳಲ್ಲಿ ಅಜ್ಜಿಯ ಗೆರೆಗಳಿವೆ. ಹುಡುಗಿಗೆ ಅದರ ಪರಿವೆಯಿಲ್ಲ. ಕಾಲೇಜಿಗೆ ಹೋಗುತ್ತಾಳೆ, ಬಾಯಿ ತುಂಬ ನಗುತ್ತಾಳೆ. ಬುದ್ಧಿಹಲ್ಲು ಇನ್ನೂ ಬಂದಿಲ್ಲ. ಅಕ್ಕ ಮಾತ್ರ ಹಬ್ಬ ಹುಣ್ಣಿಮೆಗೊಮ್ಮೆ ಅವಳನ್ನು ಬಾಗಿಲ ಬೆಳಕಿಗೆ ಕೂರಿಸಿಕೊಂಡು, “ಆ ಅನ್ನು” ಎಂದು ಬಾಯಿ ತೆರೆಸಿ, ದವಡೆಯ ಕೊನೆಯವರೆಗೂ ಬ್ಯಾಟರಿ ಹಾಕಿ ನೋಡುತ್ತಾಳೆ.