ಮ್ಯಾಗ್ನೆಟ್ ಮುರಿದ್ರೆ ಅರ್ಧ ಆಗಲ್ಲ, ಎರಡಾಗುತ್ತೆ

ಇವತ್ತಿನ ಎಪಿಸೋಡ್ ಒಂಥರಾ ತಪ್ಪೊಪ್ಪಿಗೆ. ಏಳನೇ ಕ್ಲಾಸ್ ಹುಡುಗಿಯೊಬ್ಬಳಿಗೆ ನಾನು ತಪ್ಪು ಉತ್ತರ ಹೇಳಿಕೊಟ್ಟೆ. ಅವಳು ಅದನ್ನ ನಂಬಿ ಚಾರ್ಟ್ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಎಲ್ಲರ ಮುಂದೆ ಇಟ್ಟಳು.

ಆಗಿದ್ದಿಷ್ಟು. ಚಿತ್ರದುರ್ಗದಿಂದ ಹೊಸದುರ್ಗದ ಅಕ್ಕನ ಮನೆಗೆ ಹೊರಟಿದ್ದೆ. ಬಸ್ಸು ಹೊಳಲ್ಕೆರೆ ಸ್ಟ್ಯಾಂಡಲ್ಲಿ ನಿಂತಿದ್ದಾಗ ಅಕ್ಕನ ಮಗಳ ಫೋನ್ ಬಂತು. "ಮಾಮ, ನಮ್ಮ ಹತ್ರ ಪಟ್ಟಿ ಮ್ಯಾಗ್ನೆಟ್ ಐತಲ್ಲ, ಅರ್ಧ ಕೆಂಪು, ಅರ್ಧ ನೀಲಿ. ಸರಿಯಾಗಿ ಮಧ್ಯಕ್ಕೆ ಮುರಿದ್ರೆ ಕೆಂಪು ತುಂಡಲ್ಲಿ ಬರೀ ಉತ್ತರ ಧ್ರುವ ಇರುತ್ತಾ?"

ನಾನು ಓದಿದ್ದು ಬಿ.ಕಾಂ. ಆದ್ರೂ ಒಂದು ಸೆಕೆಂಡ್ ಯೋಚನೆ ಮಾಡದೆ, "ಹೂಂ ಕಣೇ, ಕೆಂಪು ಕಡೆ ಉತ್ತರ, ನೀಲಿ ಕಡೆ ದಕ್ಷಿಣ, ಅಷ್ಟೇ" ಅಂದೆ.

ಪ್ರದರ್ಶನದ ದಿನ ನೋಡೋಕೆ ಬಂದ ಹುಡುಗನೊಬ್ಬ "ಮುರಿದು ತೋರಿಸು" ಅಂದನಂತೆ. ಇವಳು ಮುರಿದಳು. ಕೆಂಪು ತುಂಡಿನ ಹಳೇ ತುದಿಯನ್ನ ದಿಕ್ಸೂಚಿ ಹತ್ರ ತಂದರೆ ಮುಳ್ಳಿನ ಉತ್ತರದ ತುದಿ ದೂರ ಸರೀತು. ಈಗಷ್ಟೇ ಮುರಿದ ಕಡೆಯನ್ನ ತಂದರೆ ಅದೇ ತುದಿ ಹತ್ರ ಬಂತು. ಅಂದ್ರೆ ಆ ತುದಿಯಲ್ಲಿ ದಕ್ಷಿಣ ಧ್ರುವ. ಬಣ್ಣ ಮಾತ್ರ ಕೆಂಪು.

ಸಂಜೆ ಫೋನ್ ಮಾಡಿದಳು. "ಮಾಮ, ನೀನು ಯಾವತ್ತಾದ್ರೂ ಮುರಿದು ನೋಡಿದ್ಯಾ?"

"ಇಲ್ಲ."

"ಮತ್ತೆ ಹೆಂಗ್ ಹೇಳ್ದೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಅದಕ್ಕೇ ಈ ಎಪಿಸೋಡ್.

ಮೊದಲು, ಯಾಕೆ ಹೀಗೆ ಅಂತ ನೋಡೋಣ. ನಮ್ಮ ಕಡೆ ರಸ್ತೆಯಲ್ಲಿ ಕುರಿ ಮಂದೆ ಅಡ್ಡ ಬಂದು ಗಾಡಿ ನಿಲ್ಲಿಸಿದ್ದೀರಿ ತಾನೇ? ಎಲ್ಲಾ ಕುರಿ ಒಂದೇ ದಿಕ್ಕಿಗೆ ಮುಖ ಮಾಡಿ ಹೋಗ್ತಿವೆ ಅಂದ್ಕೊಳ್ಳಿ. ಮಂದೆಗೆ ಒಂದು ಮುಂಭಾಗ, ಒಂದು ಹಿಂಭಾಗ. ಈಗ ಕುರಿ ಕಾಯೋರು ಮಂದೆಯನ್ನ ಮಧ್ಯಕ್ಕೆ ಎರಡು ಮಾಡಿದ್ರು. ಮುಂದಿನ ಅರ್ಧದಲ್ಲಿ ಬರೀ ತಲೆ, ಹಿಂದಿನ ಅರ್ಧದಲ್ಲಿ ಬರೀ ಬಾಲ ಉಳಿಯುತ್ತಾ? ಇಲ್ಲ. ಎರಡು ಮಂದೆ ಆಗ್ತವೆ, ಎರಡಕ್ಕೂ ಮುಂದು ಹಿಂದು ಇರ್ತವೆ.

ಮ್ಯಾಗ್ನೆಟ್ ಕೂಡ ಹಾಗೇ. ಅದರೊಳಗಿನ ಕಬ್ಬಿಣದ ಒಂದೊಂದು ಪರಮಾಣುವೂ ಒಂದು ಪುಟ್ಟ ಮ್ಯಾಗ್ನೆಟ್. ಮುಖ್ಯ ಕಾರಣ ಅದರಲ್ಲಿರೋ ಎಲೆಕ್ಟ್ರಾನುಗಳು. ಸಾಮಾನ್ಯ ಮೊಳೆಯಲ್ಲಿ ಇವು ಗುಂಪು ಗುಂಪಾಗಿ ಒಂದೊಂದು ದಿಕ್ಕಿಗೆ ತಿರುಗಿರ್ತವೆ, ಒಂದರ ಬಲವನ್ನ ಇನ್ನೊಂದು ಕಳೆದುಬಿಡುತ್ತೆ. ಮ್ಯಾಗ್ನೆಟ್‌ನಲ್ಲಿ ಬಹುಪಾಲು ಒಂದೇ ಕಡೆ ಮುಖ ಮಾಡಿರ್ತವೆ. ಎಷ್ಟು ಸಲ ಮುರಿದ್ರೂ ಸಿಗೋದು ಸಣ್ಣ ಮಂದೆ ಅಷ್ಟೇ. ಕೊನೆಗೆ ಒಂದೇ ಎಲೆಕ್ಟ್ರಾನ್‌ವರೆಗೆ ಹೋದ್ರೂ ಅದಕ್ಕೂ ಎರಡು ಧ್ರುವ.

ಇನ್ನೊಂದು ಮಜಾ ಹಿರಿಯೂರಲ್ಲಿ ನೋಡಿದೆ. ಮದುವೆ, ಜಾತ್ರೆಗೆ ಸೌಂಡ್ ಸಿಸ್ಟಮ್ ಬಾಡಿಗೆ ಕೊಡೋ ಗೆಳೆಯನೊಬ್ಬ ಇದ್ದಾನೆ. ಹಳೇ ಸ್ಪೀಕರ್‌ನಿಂದ ಕಳಚಿದ್ದ, ಬಳೆ ಥರದ ದಪ್ಪ ಮ್ಯಾಗ್ನೆಟ್ ಕೈಜಾರಿ ಬಿದ್ದು ಎರಡು ತುಂಡಾಗಿತ್ತು. ಫೆರೈಟ್ ಅದು, ಮಡಕೆ ಒಡೆದಂಗೆ ಒಡೆಯುತ್ತೆ. ಫೆವಿಕ್ವಿಕ್ ಹಾಕಿ ಕೂಡಿಸೋಕೆ ಹೋದ್ರೆ ತುಂಡುಗಳು ಒಂದನ್ನೊಂದು ತಳ್ತಿವೆ! "ಲೇ, ನಿನ್ನೆವರೆಗೂ ಒಂದೇ ಆಗಿದ್ವು ಕಣೋ, ಈಗ ಸೇರಲ್ಲ ಅಂತಾವೆ" ಅಂದ.

ಕಾರಣ ಇದೆ. ಆ ಬಳೆಯ ಧ್ರುವಗಳು ಮೇಲಿನ ಮತ್ತು ಕೆಳಗಿನ ಚಪ್ಪಟೆ ಮುಖಗಳಲ್ಲಿ ಇರ್ತವೆ. ಅಂದ್ರೆ ಕುರಿಗಳು ಪಕ್ಕ ಪಕ್ಕ ನಿಂತಿವೆ. ಒಡೆದ ಮೇಲೆ ಎರಡು ತುಂಡಿನಲ್ಲೂ ಉತ್ತರ ಮೇಲೆ, ದಕ್ಷಿಣ ಕೆಳಗೆ. ಹಾಗೇ ಪಕ್ಕಕ್ಕೆ ತಂದ್ರೆ ಉತ್ತರದ ಪಕ್ಕ ಉತ್ತರ ಬರುತ್ತೆ, ತಳ್ತವೆ. ಒಂದನ್ನ ಮಗುಚಿ ಹಾಕಿದ್ರೆ ಟಪ್ ಅಂತ ಅಂಟ್ಕೊಳ್ತವೆ. ಆದ್ರೆ ನನ್ನ ಸೊಸೆಯ ಪಟ್ಟಿ ಮ್ಯಾಗ್ನೆಟ್ ಅಡ್ಡಕ್ಕೆ ಮುರಿದಿತ್ತು, ಅಲ್ಲಿ ಮುರಿದ ಒಂದು ಬದಿ ಉತ್ತರ, ಇನ್ನೊಂದು ದಕ್ಷಿಣ. ಅವು ತಾವಾಗೇ ಸೇರ್ಕೊಳ್ತವೆ.

ಇದು ಹೊಸ ಪ್ರಶ್ನೆಯೇನಲ್ಲ. ಫ್ರಾನ್ಸಿನ ಪೆಟ್ರಸ್ ಪೆರೆಗ್ರಿನಸ್ 1269ರಲ್ಲಿ ಬರೆದ ಪತ್ರದಲ್ಲೇ, ಸೂಜಿಗಲ್ಲನ್ನ ತುಂಡು ಮಾಡಿದ್ರೆ ಏನಾಗುತ್ತೆ ಅಂತ ವಿವರಿಸಿದ್ದಾನೆ. 1931ರಲ್ಲಿ ಪಾಲ್ ಡಿರಾಕ್, ಒಂಟಿ ಧ್ರುವ ಇರೋದಕ್ಕೆ ಕ್ವಾಂಟಮ್ ಸಿದ್ಧಾಂತದಲ್ಲಿ ಅಡ್ಡಿ ಇಲ್ಲ ಅಂತ ತೋರಿಸಿದ್ರು. 1982ರ ಫೆಬ್ರವರಿ 14ರಂದು ಸ್ಟ್ಯಾನ್‌ಫರ್ಡ್‌ನಲ್ಲಿ ಬ್ಲಾಸ್ ಕಬ್ರೇರಾ ಅವರ ಉಪಕರಣಕ್ಕೆ ಅಂಥದ್ದೇ ಒಂದು ಸಿಗ್ನಲ್ ಸಿಕ್ತು. ಒಂದೇ ಸಲ. ಮತ್ತೆ ಬರಲೇ ಇಲ್ಲ. ಸರ್ನ್ ಪ್ರಯೋಗಾಲಯದಲ್ಲೂ ಹುಡುಕಿದ್ದಾರೆ, ಕೈಗೆ ಸಿಕ್ಕಿಲ್ಲ. ಬಿ.ಕಾಂ. ಮಾಡಿದೋರಿಗೆ ಇದು ಗೊತ್ತಿರೋ ವಿಷಯನೇ: ಕ್ರೆಡಿಟ್ ಇಲ್ಲದ ಡೆಬಿಟ್ ಇರಲ್ಲ. ನಾನೇ ಮರೆತಿದ್ದೆ.

ನೀವು ನನ್ನ ಮಾತು ನಂಬಬೇಡಿ, ಮಾಡಿ ನೋಡಿ. ಹೊಲಿಗೆ ಸೂಜಿ ತಗೊಳ್ಳಿ. ಮ್ಯಾಗ್ನೆಟ್‌ನ ಒಂದೇ ತುದಿಯಿಂದ, ಸೂಜಿಯ ಕಣ್ಣಿನಿಂದ ಮೊನೆಯ ಕಡೆಗೆ, ಮೂವತ್ತು ನಲವತ್ತು ಸಲ ಸವರಿ. ವಾಪಸ್ ಬರುವಾಗ ಮ್ಯಾಗ್ನೆಟ್ ಎತ್ತಿಕೊಂಡು ಬನ್ನಿ. ಅಡಿಕೆ ಹಾಳೆಯ ಚಿಕ್ಕ ಚೂರಿನ ಮೇಲೆ ಸೂಜಿ ಇಟ್ಟು, ಪ್ಲಾಸ್ಟಿಕ್ ಬೇಸಿನ್ ನೀರಲ್ಲಿ ತೇಲಿಬಿಡಿ. ಫೋನ್ ದೂರ ಇರಲಿ, ಅದರ ಸ್ಪೀಕರ್‌ನಲ್ಲೂ ಮ್ಯಾಗ್ನೆಟ್ ಇದೆ. ಸೂಜಿ ಉತ್ತರ ದಕ್ಷಿಣಕ್ಕೆ ತಿರುಗಿ ನಿಲ್ಲುತ್ತೆ. ಮೊನೆ ಯಾವ ಕಡೆಗಿದೆ ನೋಡ್ಕೊಳ್ಳಿ. ಆಮೇಲೆ ಬಟ್ಟೆಯಲ್ಲಿ ಸುತ್ತಿ, ಕಟಿಂಗ್ ಪ್ಲೇಯರ್‌ನಿಂದ ಎರಡು ಮಾಡಿ. ಬಟ್ಟೆ ಬೇಕೇ ಬೇಕು, ಚೂರು ಸಿಡಿದು ಕಣ್ಣಿಗೆ ಬೀಳಬಹುದು. ತುಂಡುಗಳನ್ನ ಒಂದೊಂದಾಗಿ ತೇಲಿಬಿಡಿ. ಎರಡೂ ತಿರುಗ್ತವೆ. ಕಣ್ಣಿನ ಕಡೆಯ ತುಂಡಿನಲ್ಲಿ, ಮೊದಲು ಮೊನೆ ತೋರಿಸಿದ ದಿಕ್ಕನ್ನ ಈಗ ಮುರಿದ ತುದಿ ತೋರಿಸುತ್ತೆ.

ಒಂದು ಎಚ್ಚರಿಕೆ. ಮುರಿದ ಚೂರೂ ಪೂರ್ತಿ ಮ್ಯಾಗ್ನೆಟ್ಟೇ, ನೆನಪಿರಲಿ. ಆಟಿಕೆಯ ಬಲವಾದ ಸಣ್ಣ ಮ್ಯಾಗ್ನೆಟ್‌ಗಳನ್ನ ಮಗು ಎರಡು ನುಂಗಿದ್ರೆ, ಕರುಳಿನ ಗೋಡೆಗಳನ್ನ ನಡುವೆ ಹಿಡಿದು ಅವು ಅಂಟ್ಕೊಳ್ತವೆ, ಕರುಳು ತೂತಾಗಬಹುದು. ಅನುಮಾನ ಬಂದ್ರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ನಿನ್ನೆ ಮತ್ತೆ ಫೋನ್ ಬಂತು. "ಮಾಮ, ಮ್ಯಾಗ್ನೆಟ್ ಕುಟ್ಟಿ ಪುಡಿ ಮಾಡಿದ್ರೆ ಆ ಪುಡಿ ಏನಾಗುತ್ತೆ?" ಬಾಯಿಗೆ ಉತ್ತರ ಬಂದಿತ್ತು, ತಡೆದುಕೊಂಡೆ. "ಭಾನುವಾರ ಬರ್ತೀನಿ, ಹಳೇ ಸ್ಪೀಕರ್ ಮ್ಯಾಗ್ನೆಟ್ ತರ್ತೀನಿ, ಇಬ್ರೂ ಕುಟ್ಟಿ ನೋಡೋಣ" ಅಂದೆ.

ಏನಾಯ್ತು ಅಂತ ಮುಂದಿನ ವಾರ ಹೇಳ್ತೀನಿ. ಸಿಗೋಣ.